ಸೆರೆಮನೆಯ ಇಕ್ಕಟ್ಟು ಮತ್ತು ಪಹಣಿ ಇಲ್ಲದವರ ಜಾಮೀನು

ಶಿವಮೊಗ್ಗದಲ್ಲಿ ವಕೀಲರು, ಕಾನೂನು ವಿದ್ಯಾರ್ಥಿಗಳು ಮತ್ತು ಆಸಕ್ತ ನಾಗರಿಕರು ಸೇರಿದ್ದ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸವನ್ನು ಓದಿಗೆ ಒಗ್ಗುವಂತೆ ತಿದ್ದಿ ಇಲ್ಲಿ ಕೊಟ್ಟಿದ್ದೇನೆ. ಸಭಿಕರು ಕೇಳಿದ ಎರಡು ಪ್ರಶ್ನೆಗಳಿಗೆ ನೀಡಿದ ಉತ್ತರಗಳನ್ನೂ ಕೊನೆಯಲ್ಲಿ ಸೇರಿಸಿದ್ದೇನೆ.

ಶಿವಮೊಗ್ಗದ ಹಿರಿಯರಿಗೆ ಜೈಲು ಊರ ನಡುವೆ ಇದ್ದ ಕಾಲ ಚೆನ್ನಾಗಿ ನೆನಪಿದೆ. ಜೈಲು ಸೋಗಾನೆಗೆ ಹೋದ ಮೇಲೆ ಹಳೇ ಜೈಲಿನ ಆವರಣ ಫ್ರೀಡಂ ಪಾರ್ಕ್ ಎಂಬ ಮೈದಾನವಾಯಿತು. 2024ರ ಜನವರಿಯಲ್ಲಿ ಯುವನಿಧಿ ಯೋಜನೆಗೆ ಚಾಲನೆ ಸಿಕ್ಕಿದ್ದೂ ಅದೇ ಜಾಗದಲ್ಲಿ. ಸೋಗಾನೆ ಎಂದರೆ ಇವತ್ತಿನ ಹುಡುಗರಿಗೆ ವಿಮಾನ ನಿಲ್ದಾಣ. ಜೈಲು ಊರಾಚೆ ಹೋದ ನಂತರ ಅದರೊಳಗಿನ ಸುದ್ದಿ ನಮಗೆ ಸಿಗುವುದು ಎಲ್ಲಾದರೂ ತಪಾಸಣೆ ನಡೆದು ಮೊಬೈಲ್ ಫೋನೋ ಗಾಂಜಾವೋ ಸಿಕ್ಕಾಗ, ಇಲ್ಲವೇ ಹೆಸರಾಂತ ಆರೋಪಿಯೊಬ್ಬನನ್ನು ಒಂದು ಜೈಲಿನಿಂದ ಇನ್ನೊಂದಕ್ಕೆ ಸಾಗಿಸಿದಾಗ ಮಾತ್ರ. ಹಾಗೆ ನೋಡಿದರೆ ಮಲೆನಾಡಿಗೆ ಸೆರೆಮನೆ ಅಪರಿಚಿತವೇನಲ್ಲ. 1942ರಲ್ಲಿ ಈಸೂರಿನವರು, 1951ರಲ್ಲಿ ಕಾಗೋಡು ಸತ್ಯಾಗ್ರಹದ ಗೇಣಿದಾರರು ಜೈಲು ಕಂಡವರೇ. ಅವರ ಸೆರೆವಾಸವನ್ನು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಈಗ ಒಳಗಿರುವವರಲ್ಲಿ ಬಹುಪಾಲು ಜನರ ಮೇಲಿನ ಆರೋಪ ಇನ್ನೂ ರುಜುವಾತಾಗಿಲ್ಲ ಎಂಬ ಸಂಗತಿ ಮಾತ್ರ ನಮ್ಮ ಮಾತುಕತೆಯಲ್ಲಿ ಬರುವುದು ಕಡಿಮೆ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಟಿಸಿದ, 2022ರ ಡಿಸೆಂಬರ್ 31ರ ಲೆಕ್ಕವನ್ನು ನೋಡೋಣ. ಅಂದು ದೇಶದ 1,330 ಜೈಲುಗಳಲ್ಲಿ 4,36,266 ಜನರಿಗೆ ಜಾಗವಿತ್ತು, ಇದ್ದವರು 5,73,220. ನೂರು ಜನರ ಜಾಗದಲ್ಲಿ 131 ಜನ ಎಂಬ ಸರಾಸರಿಯನ್ನು ಪತ್ರಿಕೆಗಳು ದೊಡ್ಡದಾಗಿ ಬರೆದವು. ಅದೇ ವರದಿಯ ಇನ್ನೊಂದು ಸಂಖ್ಯೆ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಆ ದಿನ ಒಳಗಿದ್ದವರಲ್ಲಿ 4,34,302 ಜನ ವಿಚಾರಣಾಧೀನ ಕೈದಿಗಳು. ಅಂದರೆ ದೇಶದ ಎಲ್ಲ ಜೈಲುಗಳ ಒಟ್ಟು ಜಾಗವನ್ನು ಹೆಚ್ಚೂಕಡಿಮೆ ಇವರೊಬ್ಬರೇ ತುಂಬಿದ್ದರು. ಶಿಕ್ಷೆ ಅನುಭವಿಸುವವರಿಗೆಂದೇ ಕಟ್ಟಿದ ಮನೆಯಲ್ಲಿ ಶಿಕ್ಷೆಯಾದವರೇ ಹೆಚ್ಚುವರಿ ಜನರಾಗಿದ್ದರು. ಐದು ವರ್ಷಕ್ಕೂ ಮೀರಿ ವಿಚಾರಣೆಗಾಗಿಯೇ ಒಳಗಿದ್ದವರು 11,000ಕ್ಕೂ ಹೆಚ್ಚು.

ಇಕ್ಕಟ್ಟು ಎಂದ ಕೂಡಲೇ ಸರ್ಕಾರಗಳಿಗೆ ಮೊದಲು ಹೊಳೆಯುವುದು ಕಟ್ಟಡ. 2002-03ರಲ್ಲಿ ಕೇಂದ್ರ ಸರ್ಕಾರ 1,800 ಕೋಟಿ ರೂಪಾಯಿಯ ಯೋಜನೆ ಹಾಕಿಕೊಂಡು ರಾಜ್ಯಗಳ ಪಾಲೂ ಸೇರಿದಂತೆ ನೂರಕ್ಕೂ ಹೆಚ್ಚು ಹೊಸ ಜೈಲುಗಳಿಗೆ, ಸಾವಿರಕ್ಕೂ ಹೆಚ್ಚು ಹೊಸ ಬ್ಯಾರಕ್‌ಗಳಿಗೆ ಹಣ ಕೊಟ್ಟಿತು. ಈ ಶತಮಾನದ ಆರಂಭದಲ್ಲಿ 2.3 ಲಕ್ಷದ ಆಸುಪಾಸಿನಲ್ಲಿದ್ದ ಜಾಗ ಎರಡು ದಶಕಗಳಲ್ಲಿ 4.36 ಲಕ್ಷಕ್ಕೆ ಏರಿತು. ಜಾಗ ದುಪ್ಪಟ್ಟಿಗೆ ಹತ್ತಿರವಾದರೂ, ಅಂದು ಮೂರು ಲಕ್ಷ ದಾಟಿದ್ದ ಕೈದಿಗಳ ಸಂಖ್ಯೆ ಐದೂಮುಕ್ಕಾಲು ಲಕ್ಷದ ಹತ್ತಿರ ಬಂದು ನಿಂತಿತು. ಮಳೆಗಾಲದಲ್ಲಿ ತೋಟದ ಕಪ್ಪು, ಅಂದರೆ ನೀರು ಬಸಿಯುವ ಕಾಲುವೆ, ಕಟ್ಟಿಕೊಂಡಾಗ ಕಪ್ಪನ್ನು ಅಗಲ ಮಾಡಿದರೆ ಸಾಲದು, ನೀರು ಎಲ್ಲಿಂದ ನುಗ್ಗುತ್ತಿದೆ ಎಂದು ನೋಡಬೇಕು ಎಂಬುದು ಅಡಿಕೆ ಬೆಳೆಗಾರನಿಗೆ ಗೊತ್ತು. ಕೊರೋನಾ ಕಾಲದ ಅನುಭವವೂ ಇದನ್ನೇ ತೋರಿಸಿತು. 2020ರ ಮಾರ್ಚ್ 23ರಂದು ಸುಪ್ರೀಂ ಕೋರ್ಟ್ ಆದೇಶ ನೀಡಿ, ಪ್ರತಿ ರಾಜ್ಯದಲ್ಲೂ ಉನ್ನತಾಧಿಕಾರ ಸಮಿತಿ ರಚಿಸಿ ಯಾರನ್ನು ಪೆರೋಲ್ ಅಥವಾ ಮಧ್ಯಂತರ ಜಾಮೀನಿನ ಮೇಲೆ ಬಿಡಬಹುದೆಂದು ತೀರ್ಮಾನಿಸಲು ಹೇಳಿತು. ಕರ್ನಾಟಕದಲ್ಲೂ ಆ ಕೆಲಸ ನಡೆಯಿತು. ಆ ವರ್ಷದ ಕೊನೆಗೆ ದೇಶದ ಸರಾಸರಿ 118ರಲ್ಲಿತ್ತು. ಮರುವರ್ಷದ ಕೊನೆಗೆ ಅದು 130 ದಾಟಿತು. ತೆರೆದಿದ್ದ ಬಾಗಿಲು ರೋಗದ ಭಯ ಇಳಿದೊಡನೆ ಮುಚ್ಚಿಕೊಂಡಿತು.

ಸರಾಸರಿ ಎಂಬ ಮಾತು ಒಳಗಿರುವವನ ಮೈಗೆ ಹೇಗೆ ತಟ್ಟುತ್ತದೆ ಎಂಬುದನ್ನು ತುಸು ಹತ್ತಿರದಿಂದ ನೋಡಬೇಕು. ಕೇಂದ್ರ ಗೃಹ ಸಚಿವಾಲಯದ 2016ರ ಮಾದರಿ ಕಾರಾಗೃಹ ಕೈಪಿಡಿಯ ಪ್ರಕಾರ ಬ್ಯಾರಕ್ಕಿನಲ್ಲಿ ಮಲಗುವ ಒಬ್ಬೊಬ್ಬನಿಗೂ 3.71 ಚದರ ಮೀಟರ್ ನೆಲ ಸಿಗಬೇಕು. ನಮ್ಮ ಅಳತೆಯಲ್ಲಿ ನಾಲ್ಕು ಅಡಿ ಅಗಲ, ಹತ್ತು ಅಡಿ ಉದ್ದ. ಓಡಾಡುವ ದಾರಿ, ಬಟ್ಟೆಗಂಟು ಇಡುವ ಜಾಗ ಎಲ್ಲವೂ ಅದರಲ್ಲೇ ಆಗಬೇಕು. ಒಂದು ಬ್ಯಾರಕ್ಕಿಗೆ 20 ಜನ. ರಾತ್ರಿ ಬೀಗ ಬಿದ್ದ ಮೇಲೆ ಬಳಸಲು ಹತ್ತು ಜನರಿಗೊಂದು, ಹಗಲಿನಲ್ಲಿ ಆರು ಜನರಿಗೊಂದು ಶೌಚಾಲಯ. ತಲೆಗೆ ದಿನಕ್ಕೆ 135 ಲೀಟರ್ ನೀರು. ಇದರಲ್ಲಿ ಐಷಾರಾಮವೇನೂ ಇಲ್ಲ. ಈ ಬ್ಯಾರಕ್ಕಿಗೆ ಇನ್ನಾರು ಜನರನ್ನು ಸೇರಿಸಿದರೆ ದೇಶದ ಸರಾಸರಿ ಚಿತ್ರ ಸಿಗುತ್ತದೆ. ಮಧ್ಯದ ಓಡಾಟದ ದಾರಿ ಮೊದಲು ಮಾಯವಾಗುತ್ತದೆ. ರಾತ್ರಿ ಎದ್ದವನು ಮಲಗಿದವರನ್ನು ದಾಟಿ ಹೋಗಬೇಕು. ಶೌಚಾಲಯದ ಬಾಗಿಲಿಗೆ ಹತ್ತಿರದ ಜಾಗ ಹೊಸದಾಗಿ ಬಂದವನಿಗೆ, ಕಿಟಕಿಯ ಬದಿ ಹಳಬರಿಗೆ ಅಥವಾ ಕೈ ಬಿಸಿ ಮಾಡಬಲ್ಲವರಿಗೆ ಎಂಬ ಅಲಿಖಿತ ಕಾನೂನು ಹುಟ್ಟಿಕೊಳ್ಳುತ್ತದೆ. ಇಕ್ಕಟ್ಟು ಹೆಚ್ಚಿದ ಕಡೆಯಲ್ಲೆಲ್ಲ ಜಾಗಕ್ಕೊಂದು ಬೆಲೆ ಬರುತ್ತದೆ, ಆ ಬೆಲೆ ವಸೂಲಿ ಮಾಡುವವರೂ ಬರುತ್ತಾರೆ. ಜೈಲುಗಳ ಭ್ರಷ್ಟಾಚಾರದ ಬಗ್ಗೆ ಸಿಟ್ಟಾಗುವ ನಾವು ಈ ನಂಟನ್ನು ಗಮನಿಸುವುದು ಕಡಿಮೆ.

ಮಲೆನಾಡಿನ ಜೈಲುಗಳಿಗೆ ಮಳೆಗಾಲದ ಪಾಡು ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮನೆಗಳಲ್ಲೇ ಒಗೆದ ಬಟ್ಟೆ ವಾರವಾದರೂ ಒಣಗದೆ ಮುಗ್ಗಲು ವಾಸನೆ ಹೊಡೆಯುತ್ತದೆ. ಬೆಂಕಿಯ ಬಿಸಿಯಿಲ್ಲದ, ಬಿಸಿಲು ಬೀಳದ, ಜನ ತುಂಬಿದ ಕೋಣೆಯಲ್ಲಿ ಅದೇ ಹಸಿ ಕಂಬಳಿ, ಅದೇ ಚಾಪೆ. ಇಂಥ ಕಡೆ ಕಜ್ಜಿ ಒಬ್ಬನಿಗೆ ಹತ್ತಿದರೆ ಸಾಕು, ಬ್ಯಾರಕ್ಕೇ ಕೆರೆದುಕೊಳ್ಳುತ್ತದೆ. ಮುಲಾಮನ್ನು ಒಬ್ಬನಿಗೆ ಕೊಟ್ಟರೆ ಪ್ರಯೋಜನವಿಲ್ಲ, ಎಲ್ಲರಿಗೂ ಒಂದೇ ದಿನ ಹಚ್ಚಿಸಿ, ಎಲ್ಲರ ಬಟ್ಟೆಯನ್ನೂ ಬಿಸಿನೀರಿನಲ್ಲಿ ಅದ್ದಬೇಕು. ಕ್ಷಯದಂಥ ರೋಗದ ಮಾತು ಹೇಳಲೇಬೇಕಿಲ್ಲ. ಬೆಂಗಳೂರಿನಲ್ಲಿ ಕುಳಿತು ಕಾರಾಗೃಹದ ಅಂದಾಜುಪಟ್ಟಿ ತಯಾರಿಸುವವರು ಆಗುಂಬೆಯ ಮಳೆಯನ್ನೂ ಬಳ್ಳಾರಿಯ ಬಿಸಿಲನ್ನೂ ಒಂದೇ ಕಾಲಂನಲ್ಲಿ ಬರೆಯಬಾರದು. ಬಟ್ಟೆ ಒಣಗಿಸಲು ಒಂದು ಹೊಗೆಗೂಡು, ಇಲ್ಲವೇ ವಿದ್ಯುತ್ ಡ್ರೈಯರ್, ಇಂಥ ಸಣ್ಣ ಸಂಗತಿಗಳಿಗೆ ಜೈಲಿನ ಆರೋಗ್ಯದಲ್ಲಿ ದೊಡ್ಡ ಸ್ಥಾನವಿದೆ.

ಈ ವಿಷಯದಲ್ಲಿ ಕರ್ನಾಟಕಕ್ಕೆ ಒಂದು ಹಳೆಯ ನಂಟಿದೆ. ಬೆಂಗಳೂರು ಕೇಂದ್ರ ಕಾರಾಗೃಹದ ಕೈದಿಯೊಬ್ಬರು ಸುಪ್ರೀಂ ಕೋರ್ಟಿಗೆ ಬರೆದ ಪತ್ರವೇ ರಿಟ್ ಅರ್ಜಿಯಾಗಿ, 1996ರಲ್ಲಿ 'ರಾಮಮೂರ್ತಿ ವಿರುದ್ಧ ಕರ್ನಾಟಕ ರಾಜ್ಯ' ಎಂಬ ತೀರ್ಪಾಯಿತು. ನ್ಯಾಯಾಲಯ ಅದರಲ್ಲಿ ದೇಶದ ಜೈಲುಗಳ ಒಂಬತ್ತು ಸಮಸ್ಯೆಗಳನ್ನು ಗುರುತಿಸಿತು. ಮೊದಲನೆಯದು ಇಕ್ಕಟ್ಟು, ಎರಡನೆಯದು ವಿಚಾರಣೆಯ ವಿಳಂಬ. ಆಮೇಲೆ ಹಿಂಸೆ, ಆರೋಗ್ಯ, ಊಟ-ಬಟ್ಟೆ, ಭೇಟಿ, ಬಯಲು ಬಂದೀಖಾನೆ ಇತ್ಯಾದಿ. ಆ ಅನುಕ್ರಮ ಆಕಸ್ಮಿಕವಲ್ಲ ಎಂದು ನನ್ನ ಭಾವನೆ. ಮೊದಲ ಎರಡನ್ನು ಸರಿಪಡಿಸದೆ ಉಳಿದವುಗಳಿಗೆ ಕೈಹಾಕಿದವರು ಸೋತಿದ್ದಾರೆ. ಅದಕ್ಕೂ ಮೊದಲು 1980ರಿಂದ 1983ರವರೆಗೆ ನ್ಯಾಯಮೂರ್ತಿ ಎ.ಎನ್. ಮುಲ್ಲಾ ಸಮಿತಿ ಇದನ್ನೆಲ್ಲ ವಿವರವಾಗಿ ಹೇಳಿತ್ತು. 2013ರಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಆರ್.ಸಿ. ಲಾಹೋಟಿ ಅವರು ಬರೆದ ಪತ್ರದ ಮೇಲೆ ಸುಪ್ರೀಂ ಕೋರ್ಟ್ ಮತ್ತೊಂದು ಪ್ರಕರಣ ದಾಖಲಿಸಿಕೊಂಡಿತು. ಆ ಪ್ರಕರಣದಲ್ಲೇ ಪ್ರತಿ ಜಿಲ್ಲೆಗೊಂದು ವಿಚಾರಣಾಧೀನ ಕೈದಿಗಳ ಪರಿಶೀಲನಾ ಸಮಿತಿ ರಚನೆಯಾಯಿತು. ಕಾರಾಗೃಹ ರಾಜ್ಯಪಟ್ಟಿಯ ವಿಷಯವಾದ್ದರಿಂದ ಕೇಂದ್ರ 2023ರಲ್ಲಿ ಸಿದ್ಧಪಡಿಸಿದ ಮಾದರಿ ಕಾಯ್ದೆ ಸಲಹೆಯಷ್ಟೇ; 1894ರ ಬ್ರಿಟಿಷ್ ಕಾಯ್ದೆಯ ನೆರಳಿನಿಂದ ಹೊರಬರಬೇಕಾದವರು ರಾಜ್ಯಗಳೇ.

ಈಗ ಬಿಡುಗಡೆಯ ಕಾನೂನಿಗೆ ಬರೋಣ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ಪ್ರಕಾರ, ಹಿಂದೆ ಯಾವ ಅಪರಾಧದಲ್ಲೂ ಶಿಕ್ಷೆಯಾಗಿರದವನು ತನ್ನ ಮೇಲೆ ಹೊರಿಸಿದ ಅಪರಾಧಕ್ಕಿರುವ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ವಿಚಾರಣಾಧೀನನಾಗಿಯೇ ಕಳೆದಿದ್ದರೆ, ಉಳಿದವರು ಅರ್ಧ ಭಾಗ ಕಳೆದಿದ್ದರೆ, ಬಿಡುಗಡೆಗೆ ಅರ್ಹರು. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಪ್ರಕರಣಗಳಿಗೆ ಇದು ಅನ್ವಯಿಸದು. ಹಳೆಯ ಸಂಹಿತೆಯ 436-ಎ ಕಲಂನಲ್ಲಿ ಎಲ್ಲರಿಗೂ ಅರ್ಧ ಎಂದಿತ್ತು. ಅವಧಿ ಮುಗಿದೊಡನೆ ನ್ಯಾಯಾಲಯಕ್ಕೆ ಅರ್ಜಿ ಹಾಕುವ ಹೊಣೆಯನ್ನು ಜೈಲು ಅಧೀಕ್ಷಕರ ಮೇಲೆಯೇ ಹೊರಿಸಿರುವುದು ಹೊಸದು, ಒಳ್ಳೆಯದು. ಜುಲೈ 1ಕ್ಕಿಂತ ಮೊದಲು ಒಳಹೋದವರಿಗೂ ಇದು ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟ್ 2024ರ ಆಗಸ್ಟ್ 23ರಂದು ಸ್ಪಷ್ಟಪಡಿಸಿತು.

ಆದರೂ ಇದೇ ಇಕ್ಕಟ್ಟಿಗೆ ಮದ್ದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ಕಡೆಯ ಅಡಿಕೆ ಕಳವನ್ನೇ ತೆಗೆದುಕೊಳ್ಳಿ. ತೋಟದ ಮರದಿಂದ ಅಡಿಕೆ ಕೊನೆ (ಗೊನೆ) ಇಳಿಸಿಕೊಂಡು ಹೋದರೆ ಸಾಮಾನ್ಯ ಕಳವು, ಗರಿಷ್ಠ ಮೂರು ವರ್ಷ. ಅದೇ ಅಡಿಕೆಯನ್ನು ದಾಸ್ತಾನು ಕಟ್ಟಡದಿಂದ ಎತ್ತಿದರೆ ಏಳು ವರ್ಷದವರೆಗೆ ಶಿಕ್ಷೆ. ಮೂರನೇ ಒಂದು ಭಾಗ ಎಂದರೆ ಮೊದಲನೆಯದಕ್ಕೆ ಒಂದು ವರ್ಷ, ಎರಡನೆಯದಕ್ಕೆ ಎರಡು ವರ್ಷ ನಾಲ್ಕು ತಿಂಗಳು. ಸುಗ್ಗಿಯಲ್ಲಿ ಕೂಲಿಗೆ ಬಂದವನೊಬ್ಬ ಕಳವಿನ ಆರೋಪದಲ್ಲಿ ಅಷ್ಟು ಕಾಲ ಒಳಗಿದ್ದರೆ, ಆಮೇಲೆ ಸಿಗುವ ಬಿಡುಗಡೆಯನ್ನು ಪರಿಹಾರ ಎನ್ನುವುದು ಕಷ್ಟ. ಇನ್ನು ಇದೇ ಕಲಂನ ಎರಡನೇ ಉಪಕಲಂ, ಒಂದಕ್ಕಿಂತ ಹೆಚ್ಚು ಅಪರಾಧ ಅಥವಾ ಪ್ರಕರಣ ಬಾಕಿಯಿರುವವನಿಗೆ ಈ ಸೌಲಭ್ಯವಿಲ್ಲ ಎನ್ನುತ್ತದೆ. ಮಲೆನಾಡಿನಲ್ಲಿ ಒಬ್ಬನ ಮೇಲೆ ಒತ್ತುವರಿಗೊಂದು, ಮರ ಕಡಿದದ್ದಕ್ಕೊಂದು, ಇಲಾಖೆಯ ಸಿಬ್ಬಂದಿಗೆ ಅಡ್ಡಿಪಡಿಸಿದ್ದಕ್ಕೊಂದು ಎಂದು ಪ್ರಕರಣಗಳು ಜೋಡಿಯಾಗಿಯೇ ಬರುತ್ತವೆ. ಅಂಥವನಿಗೆ ಈ ಬಾಗಿಲು ಬಹುತೇಕ ಮುಚ್ಚಿದಂತೆಯೇ. ಮ್ಯಾಜಿಸ್ಟ್ರೇಟರು ವಿಚಾರಣೆ ನಡೆಸಬಹುದಾದ ಜಾಮೀನುರಹಿತ ಪ್ರಕರಣದಲ್ಲಿ, ಸಾಕ್ಷ್ಯಕ್ಕೆ ಗೊತ್ತುಪಡಿಸಿದ ಮೊದಲ ದಿನಾಂಕದಿಂದ 60 ದಿನಗಳಲ್ಲಿ ವಿಚಾರಣೆ ಮುಗಿಯದಿದ್ದರೆ ಜಾಮೀನು ಕೊಡಬೇಕೆಂಬ 480(6)ನೇ ಕಲಂ ಇದಕ್ಕಿಂತ ಎಷ್ಟೋ ಹರಿತವಾದದ್ದು. ಕಿರಿಯ ವಕೀಲ ಮಿತ್ರರು ಅದನ್ನು ಹೆಚ್ಚಾಗಿ ಬಳಸಬೇಕು.

ಒಳಗೆ ಹೋಗುವ ದಾರಿಯಲ್ಲೇ ತಡೆಯುವ ಕಾನೂನುಗಳೂ ಇವೆ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಅಗತ್ಯವಿಲ್ಲದೆ ಬಂಧಿಸಬಾರದೆಂದು 2014ರ ಅರ್ನೇಶ್ ಕುಮಾರ್ ತೀರ್ಪು ಹೇಳಿದೆ. ಭಾರತೀಯ ನ್ಯಾಯ ಸಂಹಿತೆ 5,000 ರೂಪಾಯಿಗಿಂತ ಕಡಿಮೆ ಮೌಲ್ಯದ ಕಳವಿನಲ್ಲಿ, ಮೊದಲ ಬಾರಿ ತಪ್ಪಿತಸ್ಥನಾದವನು ವಸ್ತು ಅಥವಾ ಅದರ ಬೆಲೆ ಹಿಂದಿರುಗಿಸಿದರೆ, ಸಮುದಾಯ ಸೇವೆಯನ್ನು ಶಿಕ್ಷೆಯಾಗಿ ಇಟ್ಟಿದೆ. ಅಂಥ ಕಳವಿಗೆ ಪೊಲೀಸರು ವಾರಂಟಿಲ್ಲದೆ ಬಂಧಿಸುವಂತಿಲ್ಲ. ಕ್ವಿಂಟಾಲಿಗೆ ಅರ್ಧ ಲಕ್ಷ ಮುಟ್ಟಿದ ರಾಶಿ ಅಡಿಕೆಯ ಲೆಕ್ಕದಲ್ಲಿ ಈ ಮಿತಿ ಹತ್ತು ಕೆ.ಜಿ.ಗೆ ಮುಗಿಯುತ್ತದೆ. ಪೊಲೀಸರ ಮಹಜರಿನಲ್ಲಿ ಹಸಿ ಅಡಿಕೆ ಕೊನೆಗೆ ಒಣ ರಾಶಿ ಅಡಿಕೆಯ ದರ ಬರೆದರೆ ಒಬ್ಬ ಮನುಷ್ಯ ಮನೆಯಲ್ಲಿರುವ ಬದಲು ಜೈಲಿನಲ್ಲಿರುತ್ತಾನೆ. ಮಾರುಕಟ್ಟೆ ದರವನ್ನು ನಿತ್ಯ ನೋಡುವ ನಮ್ಮ ಜಿಲ್ಲೆಯ ವಕೀಲರಿಗೆ ಮಹಜರಿನ ಆ ಒಂದು ಸಾಲಿನ ಬಗ್ಗೆ ವಾದಿಸುವುದು ಕಷ್ಟವಾಗಬಾರದು.

ನಾನು ಮುಖ್ಯವಾಗಿ ಹೇಳಬೇಕೆಂದುಕೊಂಡದ್ದು ಇದರ ಮುಂದಿನ ಹಂತದ ಬಗ್ಗೆ. ಜಾಮೀನು ಮಂಜೂರಾಗಿದೆ, ಆದೇಶ ಕೈಯಲ್ಲಿದೆ, ಆದರೂ ಮನುಷ್ಯ ಹೊರಬಂದಿಲ್ಲ ಎಂಬ ಸ್ಥಿತಿ ನಮ್ಮಲ್ಲಿ ಅಪರೂಪವಲ್ಲ. ಆದೇಶದ ಕೊನೆಯಲ್ಲಿ 'ಐವತ್ತು ಸಾವಿರ ರೂಪಾಯಿಯ ಸ್ವಂತ ಬಾಂಡ್ ಮತ್ತು ಅಷ್ಟೇ ಮೊತ್ತಕ್ಕೆ ಒಬ್ಬರು ಅಥವಾ ಇಬ್ಬರು ಜಾಮೀನುದಾರರು' ಎಂದಿರುತ್ತದೆ. ಬಾಂಡ್ ಎಂಬ ಮುಚ್ಚಳಿಕೆಗೆ ಆರೋಪಿಯ ಸಹಿ ಸಾಕು. ಶ್ಯೂರಿಟಿಗೆ, ಅಂದರೆ ಜಾಮೀನುದಾರನಾಗಿ ಹೊಣೆ ಹೊರಲು, ಇನ್ನೊಬ್ಬ ಮನುಷ್ಯ ಬೇಕು. ಆ ಮನುಷ್ಯ ತನ್ನ ಹೆಸರಿನ ಪಹಣಿ, ಆಧಾರ್, ಭಾವಚಿತ್ರ, ಪ್ರಮಾಣಪತ್ರ ಹಿಡಿದು, ಒಂದು ದಿನದ ಕೂಲಿ ಬಿಟ್ಟು ಕೋರ್ಟಿಗೆ ಬರಬೇಕು. ಪಹಣಿ ಜಂಟಿ ಖಾತೆಯಲ್ಲಿದ್ದರೆ ತಕರಾರು. ಸೊಸೈಟಿ ಸಾಲದ ಋಣಭಾರ ಕಾಲಂನಲ್ಲಿ ಕಂಡರೆ ತಕರಾರು. ಅಜ್ಜನ ಹೆಸರಿನಲ್ಲೇ ಉಳಿದು, ವಾರಸುದಾರರ ಹೆಸರಿಗೆ ಪೌತಿ ಖಾತೆ ಆಗಿರದಿದ್ದರೆ ಆ ದಿನದ ಕೆಲಸ ಅಲ್ಲಿಗೇ ಮುಗಿಯಿತು.

ಇದು ಎಲ್ಲ ಕಡೆಯ ಕಷ್ಟ. ಮಲೆನಾಡಿನಲ್ಲಿ ಇದಕ್ಕೊಂದು ಬೇರೆಯೇ ಆಳವಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿಯ ಹಿನ್ನೀರಿನಲ್ಲಿ ಮನೆ, ಗದ್ದೆ ಕಳೆದುಕೊಂಡ ಸಾವಿರಾರು ಕುಟುಂಬಗಳು ಸಿಕ್ಕ ಕಡೆ ನೆಲೆಯೂರಿದವು. ಅವುಗಳಲ್ಲಿ ಎಷ್ಟೋ ಕುಟುಂಬಗಳು ಮೂರನೇ ತಲೆಮಾರಿಗೆ ಬಂದರೂ, ಸಾಗುವಳಿ ಮಾಡುತ್ತಿರುವ ನೆಲ ದಾಖಲೆಯಲ್ಲಿ ಅರಣ್ಯವಾಗಿಯೇ ಉಳಿದಿದೆ. ಸರ್ಕಾರಿ ಜಮೀನಿನ ಸಾಗುವಳಿಯನ್ನು ಸಕ್ರಮ ಮಾಡಿಕೊಡಿ ಎಂದು ಬಗರ್ ಹುಕುಂ ಅರ್ಜಿ ಹಾಕಿ ಕಾಯುತ್ತಿರುವವರ ಪಾಡೂ ಅಷ್ಟೇ. ಇವರು ಬಡವರೇ ಆಗಿರಬೇಕೆಂದಿಲ್ಲ. ಎರಡೆಕರೆ ತೋಟದಲ್ಲಿ ಫಸಲು ತೆಗೆಯುವವರೂ ಇದ್ದಾರೆ. ಆದರೆ ಕೋರ್ಟಿನ ಕಣ್ಣಿಗೆ ಅವರದ್ದೆಂಬ ಒಂದು ಗುಂಟೆಯೂ ಇಲ್ಲ. ನೆಂಟರಿಷ್ಟರೆಲ್ಲ ಅದೇ ಸ್ಥಿತಿಯವರಾದ್ದರಿಂದ, ಇಡೀ ಊರು ಸೇರಿದರೂ ಒಬ್ಬ ಶ್ಯೂರಿಟಿ ಸಿಗದ ಹಳ್ಳಿಗಳಿವೆ. ಹಿನ್ನೀರಿನಾಚೆಯ ಒಬ್ಬ ತಾಯಿ, ಜಾಮೀನು ಸಿಕ್ಕಿ ವಾರಗಳಾದರೂ ಹೊರಬಾರದ ಮಗನ ವಿಷಯಕ್ಕೆ ನನ್ನ ಕಚೇರಿಗೆ ಬಂದಿದ್ದರು. ಯಾರದ್ದಾದರೂ ಪಹಣಿ ತನ್ನಿ ಎಂದಾಗ ಅವರೆಂದದ್ದು ಇಷ್ಟು: "ನಮ್ದು ಅಂತ ಇದ್ದ ಗದ್ದೆ ನೀರಡೀಲಿ ಐತೆ ವಕೀಲ್ರೇ. ಈಗಿರೋದು ಫಾರೆಸ್ಟಿಂದು ಅಂತಾರೆ. ಯಾವ ಪಾಣಿ ತರಾನ ಹೇಳಿ." ಕೊನೆಗೆ ಬಾಂಡಿನ ಷರತ್ತು ಸಡಿಲಿಸಲು ಅರ್ಜಿ ಹಾಕಿ, ನಗದು ಠೇವಣಿಗೆ ಅನುಮತಿ ಪಡೆದು, ಆ ಹಣಕ್ಕೆ ಆಕೆ ಕೊಟ್ಟಿಗೆಯ ಹಸು ಮಾರಿದ ಮೇಲೆ ಹುಡುಗ ಹೊರಬಂದ. ಊರಿನಲ್ಲಿ ಶ್ಯೂರಿಟಿ ಸಿಗದವರು ಕೋರ್ಟಿನ ಆವರಣದಲ್ಲಿ ಹಣಕ್ಕೆ ಸಿಗುವ ಶ್ಯೂರಿಟಿಯನ್ನು ಹುಡುಕುತ್ತಾರೆ. ಆ ದಂಧೆ ಹೇಗೆ ನಡೆಯುತ್ತದೆಂದು ಈ ಸಭೆಯಲ್ಲಿ ಯಾರಿಗೂ ವಿವರಿಸಬೇಕಿಲ್ಲ.

ಕಾನೂನು ಇದಕ್ಕೆ ಕುರುಡಾಗಿಲ್ಲ. 1978ರ ಮೋತಿ ರಾಮ್ ಪ್ರಕರಣದಲ್ಲಿ ಗಾರೆ ಕೆಲಸದವನೊಬ್ಬನಿಗೆ ಹತ್ತು ಸಾವಿರ ರೂಪಾಯಿಯ ಶ್ಯೂರಿಟಿ ಕೇಳಿ, ಅವನ ಅಣ್ಣತಮ್ಮನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂಬ ಕಾರಣಕ್ಕೆ ಮ್ಯಾಜಿಸ್ಟ್ರೇಟರು ನಿರಾಕರಿಸಿದ್ದರು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅದನ್ನು ಕಟುವಾಗಿ ಟೀಕಿಸಿ, ಒಂದು ಸಾವಿರ ರೂಪಾಯಿಯ ಸ್ವಂತ ಬಾಂಡಿನ ಮೇಲೆ ಅವನನ್ನು ಬಿಡಿಸಿದರು. ಬಾಂಡಿನ ಮೊತ್ತ ವಿಪರೀತವಾಗಿರಬಾರದೆಂದು ನಾಗರಿಕ ಸುರಕ್ಷಾ ಸಂಹಿತೆಯ 484ನೇ ಕಲಂ ಹೇಳುತ್ತದೆ. ಜಾಮೀನು ಕೊಡಬಹುದಾದ ಅಪರಾಧದಲ್ಲಿ ಒಂದು ವಾರದೊಳಗೆ ಶ್ಯೂರಿಟಿ ಒದಗಿಸಲಾಗದವನನ್ನು ನಿರ್ಗತಿಕನೆಂದು ಭಾವಿಸಿ ಸ್ವಂತ ಬಾಂಡಿನ ಮೇಲೆ ಬಿಡಬೇಕೆಂದು ಅದರದೇ 478ನೇ ಕಲಂ ಹೇಳುತ್ತದೆ. 2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಯಿತು. ಜಾಮೀನು ಆದೇಶದ ಪ್ರತಿ ಅಂದೇ ಅಥವಾ ಮರುದಿನವೇ ಇ-ಮೇಲ್ ಮೂಲಕ ಜೈಲಿಗೆ ಹೋಗಬೇಕು. ಏಳು ದಿನಗಳಲ್ಲಿ ಕೈದಿ ಬಿಡುಗಡೆಯಾಗದಿದ್ದರೆ ಜೈಲು ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಒಂದು ತಿಂಗಳಾದರೂ ಬಾಂಡು ಒದಗದಿದ್ದರೆ ನ್ಯಾಯಾಲಯವೇ ಸ್ವಯಂಪ್ರೇರಿತವಾಗಿ ಷರತ್ತು ಸಡಿಲಿಸುವುದನ್ನು ಪರಿಶೀಲಿಸಬಹುದು. ಸ್ಥಳೀಯ ಜಾಮೀನುದಾರನೇ ಬೇಕೆಂಬ ಷರತ್ತನ್ನು ಬಿಡಬಹುದು.

ಇದರ ಬೆನ್ನಿಗೇ 2023ರ ಕೇಂದ್ರ ಬಜೆಟ್ಟಿನಲ್ಲಿ ಬಡ ಕೈದಿಗಳಿಗೆ ನೆರವು ನೀಡುವ ಯೋಜನೆ ಬಂತು. ವರ್ಷಕ್ಕೆ 20 ಕೋಟಿ ರೂಪಾಯಿ. ಆ ವರ್ಷದ ಮಾರ್ಗಸೂಚಿಯಂತೆ ವಿಚಾರಣಾಧೀನ ಕೈದಿಯ ಜಾಮೀನಿಗೆ 40,000 ರೂಪಾಯಿವರೆಗೆ, ದಂಡ ಕಟ್ಟಲಾಗದ ಸಜಾ ಕೈದಿಗೆ 25,000 ರೂಪಾಯಿವರೆಗೆ. ಜಿಲ್ಲಾ ಮಟ್ಟದ ಸಮಿತಿ ಅರ್ಹರನ್ನು ಗುರುತಿಸುತ್ತದೆ. ಹಣ ಬಳಕೆಯಾಗುತ್ತಿಲ್ಲವೆಂದು ಗೃಹ ಸಚಿವಾಲಯವೇ ಆಮೇಲೆ ರಾಜ್ಯಗಳಿಗೆ ಪತ್ರ ಬರೆಯಬೇಕಾಯಿತು. ಕಾರಣವನ್ನು ನಾನು ನಮ್ಮ ಪಹಣಿಯಲ್ಲೇ ಕಾಣುತ್ತೇನೆ. ಯೋಜನೆ ಹಣ ಕೊಡುತ್ತದೆ. ನ್ಯಾಯಾಲಯ ಕೇಳುತ್ತಿರುವುದು ಮನುಷ್ಯನನ್ನು. ಆದೇಶದಲ್ಲಿ ನಗದು ಠೇವಣಿಯ ಅವಕಾಶವೇ ಇಲ್ಲದಿದ್ದರೆ ಆ 40,000 ರೂಪಾಯಿಗೆ ಹೋಗಲು ದಾರಿಯಿಲ್ಲ. ನಗದು ಠೇವಣಿಯನ್ನು ಸುರಕ್ಷಾ ಸಂಹಿತೆಯ 490ನೇ ಕಲಂ ಒಪ್ಪುತ್ತದೆ. ಆದ್ದರಿಂದ ಜಾಮೀನು ಅರ್ಜಿಯಲ್ಲೇ 'ಶ್ಯೂರಿಟಿ ಅಥವಾ ನಗದು ಠೇವಣಿ' ಎಂದು ಪರ್ಯಾಯ ಕೋರುವ ಅಭ್ಯಾಸವನ್ನು ವಕೀಲರು ರೂಢಿಸಿಕೊಂಡರೆ, ಸರ್ಕಾರ ಒಂದು ರೂಪಾಯಿಯನ್ನೂ ಹೊಸದಾಗಿ ಖರ್ಚು ಮಾಡದೆ ಎಷ್ಟೋ ಜನ ಹೊರಬರುತ್ತಾರೆ. ಮಾದಕವಸ್ತು ಪ್ರಕರಣಗಳಿಗೆ ಈ ಯೋಜನೆ ಅನ್ವಯಿಸುವುದಿಲ್ಲ ಎಂಬುದನ್ನೂ ಹೇಳಬೇಕು; ತೋಟದ ನಡುವಿನ ಗಾಂಜಾ ಗಿಡದ ಪ್ರಕರಣಗಳು ಇರುವ ನಮ್ಮ ಭಾಗಕ್ಕೆ ಅದು ಸಣ್ಣ ಕೊರತೆಯಲ್ಲ.

ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಪರಿಶೀಲನಾ ಸಮಿತಿಯಲ್ಲಿ ಜಿಲ್ಲಾಧಿಕಾರಿ, ಪೊಲೀಸ್ ವರಿಷ್ಠಾಧಿಕಾರಿ, ಜೈಲು ಅಧೀಕ್ಷಕರು, ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿ ಎಲ್ಲರೂ ಒಂದೇ ಮೇಜಿನ ಸುತ್ತ ಕೂರುತ್ತಾರೆ. ಇಂಥ ಸಮಿತಿಗಳ ಮುಂದೆ ಬರುವ ಪಟ್ಟಿಯಲ್ಲಿ ಅಪರಾಧದ ಕಲಂ, ಒಳಗೆ ಬಂದ ದಿನಾಂಕ ಇರುತ್ತವೆ. ಜಾಮೀನು ಮಂಜೂರಾದ ದಿನಾಂಕ ಮತ್ತು ಯಾವ ಷರತ್ತಿನಿಂದ ಬಿಡುಗಡೆ ನಿಂತಿದೆ ಎಂಬ ಎರಡು ಕಾಲಂಗಳನ್ನು ಸೇರಿಸಿ, ಪ್ರತಿ ಸಭೆಯಲ್ಲಿ ಮೊದಲು ಆ ಸಾಲುಗಳನ್ನೇ ಓದಬೇಕೆಂಬುದು ನನ್ನ ಸಲಹೆ. ತಹಶೀಲ್ದಾರರ ಮೇಲಧಿಕಾರಿ ಅಲ್ಲೇ ಕೂತಿರುವಾಗ, ಪಹಣಿ ಇಲ್ಲದ ಸಾಗುವಳಿದಾರನೊಬ್ಬ ಇಂಥ ಊರಿನಲ್ಲಿ ಇಷ್ಟು ವರ್ಷದಿಂದ ನೆಲೆಸಿದ್ದಾನೆಂಬ ದೃಢೀಕರಣ ಪಡೆಯುವುದು ದೊಡ್ಡ ಮಾತಲ್ಲ.

ಒಳಗಿನ ಬದುಕಿನ ಸುಧಾರಣೆಗಳ ಬಗ್ಗೆ ಇನ್ನು ಚುಟುಕಾಗಿ ಹೇಳುತ್ತೇನೆ. ಸಜಾ ಕೈದಿಗಳ ದಿನಗೂಲಿಯನ್ನು 500 ರೂಪಾಯಿಗಿಂತ ಮೇಲಕ್ಕೆ ಏರಿಸಿ ಕರ್ನಾಟಕ ದೇಶದಲ್ಲೇ ಮುಂದಿನ ಸಾಲಿನಲ್ಲಿದೆ, ಅದನ್ನು ಮೆಚ್ಚಲೇಬೇಕು. ಆದರೆ ಕೂಲಿ ಶಿಕ್ಷೆಯಾದವರಿಗೆ. ಬಹುಸಂಖ್ಯಾತರಾದ ವಿಚಾರಣಾಧೀನರು ದಿನವಿಡೀ ಕೆಲಸವಿಲ್ಲದೆ ಕೂರುತ್ತಾರೆ. ದೇವನಹಳ್ಳಿ ಬಳಿಯ ಬಯಲು ಬಂದೀಖಾನೆಗೂ ಇದೇ ಮಿತಿ. ಮಲೆನಾಡಿನಲ್ಲೂ ಅಂಥದ್ದೊಂದು ಬೇಕೆಂಬ ಬೇಡಿಕೆಗೆ ನನ್ನ ವಿರೋಧವಿಲ್ಲ, ಅದರಿಂದ ಇಕ್ಕಟ್ಟು ಕಡಿಮೆಯಾದೀತೆಂಬ ಭರವಸೆಯೂ ಇಲ್ಲ. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್ ಜೈಲು ಕೈಪಿಡಿಗಳಲ್ಲಿ ಜಾತಿ ನೋಡಿ ಕೆಲಸ ಹಂಚುವ ನಿಯಮಗಳನ್ನು ಅಸಾಂವಿಧಾನಿಕವೆಂದು ರದ್ದುಪಡಿಸಿತು, ರಿಜಿಸ್ಟರಿನ ಜಾತಿ ಕಾಲಂ ತೆಗೆಯಲು ಹೇಳಿತು. ಕಸಗುಡಿಸುವ ಕೆಲಸ ಒಬ್ಬನಿಗೆ, ಅಡುಗೆ ಕೆಲಸ ಇನ್ನೊಬ್ಬನಿಗೆ ಎಂದು ಹುಟ್ಟು ನೋಡಿ ತೀರ್ಮಾನಿಸುವ ಸಾಲುಗಳು ಸ್ವಾತಂತ್ರ್ಯ ಬಂದು 77 ವರ್ಷಗಳಾದ ಮೇಲೂ ಅಚ್ಚಿನಲ್ಲಿದ್ದವು ಎಂಬುದನ್ನು ಓದುವಾಗ ನಾಚಿಕೆಯಾಗುತ್ತದೆ. ಸಿಬ್ಬಂದಿಯ ಕೊರತೆಯಂತೂ ಎಲ್ಲೆಡೆ ಇದೆ. ದೇಶದಲ್ಲಿ ನೂರಕ್ಕೆ ಮೂವತ್ತರಷ್ಟು ಹುದ್ದೆಗಳು ಖಾಲಿ. ಬೆಂಗಾವಲಿಗೆ ಪೊಲೀಸರಿಲ್ಲದೆ ವಾಯಿದೆಯ ದಿನ ಕೋರ್ಟಿಗೆ ಹೋಗುವುದೂ ತಪ್ಪುತ್ತದೆ, ಆಸ್ಪತ್ರೆಗೆ ಹೋಗುವುದೂ ತಪ್ಪುತ್ತದೆ. ವೀಡಿಯೊ ಮೂಲಕ ಹಾಜರುಪಡಿಸುವುದು ಇದಕ್ಕೆ ಉತ್ತರವೆನ್ನುತ್ತಾರೆ. ರಿಮಾಂಡ್ ಮುಂದುವರಿಸಲು ಅದು ಸಾಕು, ಆದರೆ ತನ್ನ ವಕೀಲನ ಕಿವಿಯಲ್ಲಿ ಎರಡು ಮಾತು ಹೇಳಲು ಕೈದಿಗೆ ಸಿಗುತ್ತಿದ್ದ ಒಂದೇ ಅವಕಾಶ ಅದರಿಂದ ತಪ್ಪಿಹೋಗುತ್ತದೆ.

ಭೇಟಿಯ ವಿಷಯದಲ್ಲಿ ಮಾತ್ರ ತಂತ್ರಜ್ಞಾನ ನಿಜವಾಗಿಯೂ ನೆರವಾಗಿದೆ. ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆಯವರು ಮುಲಾಖತ್ತಿಗೆ (ಕೈದಿಯ ಭೇಟಿಗೆ) ಬರಬೇಕಾದರೆ ಲಾಂಚ್ ದಾಟಿ, ಸಾಗರದಲ್ಲಿ ಬಸ್ಸು ಬದಲಿಸಿ, ಶಿವಮೊಗ್ಗದಿಂದ ಮತ್ತೆ ಸೋಗಾನೆಗೆ ಹೋಗಬೇಕಿತ್ತು. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆದ ಮೇಲೆ ಲಾಂಚಿನ ಕಾಯುವಿಕೆ ತಪ್ಪಿದೆ, ದೂರ ಹಾಗೆಯೇ ಇದೆ. ಇ-ಮುಲಾಖತ್ ವ್ಯವಸ್ಥೆಯಲ್ಲಿ ಹೆಸರು ನೋಂದಾಯಿಸಿ ವೀಡಿಯೊದಲ್ಲಿ ಮಾತಾಡಬಹುದು. ನೆಟ್‌ವರ್ಕಿಗಾಗಿ ಗುಡ್ಡ ಹತ್ತುವ ಊರುಗಳಲ್ಲಿ ಗ್ರಾಮ ಪಂಚಾಯಿತಿಯ ಕಚೇರಿಯಿಂದಲೇ ಆ ಕರೆಗೆ ವ್ಯವಸ್ಥೆ ಮಾಡಿದರೆ ವಯಸ್ಸಾದ ತಂದೆತಾಯಿಗಳಿಗೆ ಅನುಕೂಲ.

ಇನ್ನು ಪ್ರಶ್ನೆಗಳು. ಅಪರಾಧ ಮಾಡಿದವರಿಗೆ ಇಷ್ಟೆಲ್ಲ ಸೌಕರ್ಯ ಏಕೆ, ಹೊರಗಿನ ಬಡವನಿಗೇ ಇಲ್ಲವಲ್ಲ ಎಂದು ಹಿರಿಯರೊಬ್ಬರು ಕೇಳಿದರು. ಪ್ರಶ್ನೆಯಲ್ಲಿ ದುರುದ್ದೇಶವಿರಲಿಲ್ಲ. ನ್ಯಾಯಾಲಯ ವಿಧಿಸುವ ಶಿಕ್ಷೆ ಸ್ವಾತಂತ್ರ್ಯಹರಣ. ಕಜ್ಜಿ, ನಿದ್ದೆಗೇಡು, ಹೊಡೆತ ಯಾವ ತೀರ್ಪಿನಲ್ಲೂ ಬರೆದಿರುವುದಿಲ್ಲ. ನಾಲ್ಕರಲ್ಲಿ ಮೂವರಿಗೆ ಆ ತೀರ್ಪೂ ಇನ್ನೂ ಬಂದಿಲ್ಲ. ಹೊರಗಿನ ಬಡವ ಕೂಲಿ ಮಾಡಿ, ಸಾಲ ಮಾಡಿ, ನೆರೆಯವರನ್ನು ಕೇಳಿ ಹೇಗೋ ದಾರಿ ಹುಡುಕಿಕೊಳ್ಳಬಲ್ಲ. ಒಳಗಿರುವವನಿಗೆ ನೀರಿನ ಲೋಟವನ್ನೂ ಸರ್ಕಾರವೇ ಕೊಡಬೇಕು, ಏಕೆಂದರೆ ಬೀಗದ ಕೈ ಸರ್ಕಾರದ ಬಳಿಯೇ ಇದೆ.

ಎರಡನೆಯ ಪ್ರಶ್ನೆಯನ್ನು ಕಾನೂನು ವಿದ್ಯಾರ್ಥಿನಿಯೊಬ್ಬರು ಕೇಳಿದರು: ಪಹಣಿಯನ್ನೂ ಕೇಳದೆ ಸ್ವಂತ ಬಾಂಡಿನ ಮೇಲೆ ಬಿಟ್ಟು, ಅವನು ತಪ್ಪಿಸಿಕೊಂಡರೆ ಹೊಣೆ ಯಾರು? ತಪ್ಪಿಸಿಕೊಳ್ಳುವವರು ಇಲ್ಲವೇ ಇಲ್ಲ ಎಂದು ನಾನು ಹೇಳಲಾರೆ. ಆದರೆ ಬಾಂಡ್ ಮುರಿದರೆ ಮೊತ್ತ ಜಪ್ತಿಯಾಗುತ್ತದೆ, ವಾರಂಟ್ ಹೊರಡುತ್ತದೆ. ಜಾಮೀನಿನ ಮೇಲೆ ಹೋದವನು ಸಕಾರಣವಿಲ್ಲದೆ ಹಾಜರಾಗದಿರುವುದು ನ್ಯಾಯ ಸಂಹಿತೆಯ 269ನೇ ಕಲಂ ಪ್ರಕಾರ ಒಂದು ವರ್ಷದವರೆಗೆ ಶಿಕ್ಷೆಯಿರುವ ಬೇರೆಯೇ ಅಪರಾಧ. ಹಣ ಕೊಟ್ಟು ತಂದ ಶ್ಯೂರಿಟಿಗೆ ಆರೋಪಿಯ ಮುಖವೇ ಗೊತ್ತಿರುವುದಿಲ್ಲ. ಅವನ ಪಹಣಿ ಕಡತದಲ್ಲಿದ್ದರೂ ಆರೋಪಿಯನ್ನು ಅವನು ಹುಡುಕಿ ತರಲಾರ. ಅದಕ್ಕಿಂತ, ಊರಿನ ನ್ಯಾಯಬೆಲೆ ಅಂಗಡಿಯವರು, ಅಂಗನವಾಡಿ ಕಾರ್ಯಕರ್ತೆ, ಪಂಚಾಯಿತಿ ಸದಸ್ಯರಲ್ಲಿ ಯಾರಾದರೊಬ್ಬರು ಇವನು ನಮ್ಮೂರಿನವನು, ಹೆಂಡತಿ ಮಕ್ಕಳು ಇಲ್ಲೇ ಇದ್ದಾರೆ ಎಂದು ಲಿಖಿತವಾಗಿ ಗುರುತಿಸಿದ ಪತ್ರಕ್ಕೆ ಹೆಚ್ಚು ಬೆಲೆಯಿದೆ ಎಂದು ನಾನು ವಾದಿಸುತ್ತೇನೆ. ಮೂರು ತಲೆಮಾರಿನಿಂದ ಅದೇ ಜಾಗದಲ್ಲಿ ನೆಲೆಸಿ, ಇಂದಲ್ಲ ನಾಳೆ ಹಕ್ಕುಪತ್ರ ಬರುತ್ತದೆಂದು ಕಾಯುತ್ತಿರುವವನು ಆ ನೆಲ ಬಿಟ್ಟು ಓಡಿಹೋಗುವ ಸಂಭವ, ಎರಡು ಊರುಗಳಲ್ಲಿ ನಿವೇಶನವಿರುವವನಿಗಿಂತ ಕಡಿಮೆಯೇ. ಮುಂದಿನ ಜಾಮೀನು ಅರ್ಜಿಯಲ್ಲಿ ಈ ಅಂಶವನ್ನು ಪ್ರಮಾಣಪತ್ರದ ರೂಪದಲ್ಲಿ ದಾಖಲೆಗೆ ಸೇರಿಸಿ, ನ್ಯಾಯಾಲಯ ಅದರ ಮೇಲೆ ಆದೇಶ ಬರೆಯುವಂತೆ ಮಾಡಿ ಎಂದು ಆ ವಿದ್ಯಾರ್ಥಿನಿಗೆ ಹೇಳಿದೆ.